‘ಬರೀ ನೆಗಡಿ’ ಎನ್ನುವವರ ನಡುವೆ ನಮ್ಮ ದೊಡ್ಡಮ್ಮ

ಅಸಹ್ಯವಾದಾಗ ನಮ್ಮ ದೊಡ್ಡಮ್ಮನ ಮೂಗಿನ ಎಡಹೊಳ್ಳೆ ಮಾತ್ರ ಮೇಲಕ್ಕೇರುತ್ತಿತ್ತು. ಬಲಗಡೆಯದು ಮೂಗುಬೊಟ್ಟಿನ ಭಾರಕ್ಕೋ ಏನೋ ಅಲುಗುತ್ತಲೇ ಇರಲಿಲ್ಲ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಎಲೆಅಡಿಕೆ ಉಗುಳುವವರನ್ನು ಕಂಡರೆ ಅದು ಏರುತ್ತಿತ್ತು. ಸ್ನಾನಘಟ್ಟದಲ್ಲಿ ಮಿಂದು, ಉಟ್ಟ ಬಟ್ಟೆಯನ್ನೆಲ್ಲ ಕಪಿಲೆಗೆ ಬಿಟ್ಟು, ಪಾಪ ಕಳೆಯಿತು ಎನ್ನುವವರನ್ನು ಕಂಡರಂತೂ ಸರಿಯೇ ಸರಿ. “ನೀವು ಬಿಟ್ಟ ಪಾಪ ನಮ್ಮನೆ ನಲ್ಲೀಲಿ ಬರುತ್ತೆ ಕಣ್ರೀ” ಎಂದು ಮುಖಕ್ಕೇ ಹೇಳಿಬಿಡುವಳು.

ಅವಳು ಅಮ್ಮನ ಅಕ್ಕ. ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಎರಡು ಕಿಡ್ನಿಯೂ ಕೈಕೊಟ್ಟಾಗ ಅಮ್ಮ ತನ್ನದೊಂದನ್ನು ಕೊಟ್ಟಿದ್ದಳು. ಬೇರೆಯವರ ಕಿಡ್ನಿಯನ್ನು ಮೈ ಹೊರದೂಡದಿರಲಿ ಎಂದು ದೊಡ್ಡಮ್ಮ ದಿನವೂ ನುಂಗುತ್ತಿದ್ದ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತಿದ್ದವು. ನಮಗೆ ನೆಗಡಿಯಾಗಿ ಹೋಗುವಂಥದು ಅವಳನ್ನು ಆಸ್ಪತ್ರೆಯಲ್ಲಿ ಮಲಗಿಸಬಹುದಿತ್ತು. ಹಾಗಾಗಿ ಊರೆಲ್ಲ ಮಾಸ್ಕ್ ಬಿಸಾಡಿ ವರ್ಷಗಳಾದ ಮೇಲೂ ಅವಳು ಹಾಕುತ್ತಿದ್ದಳು. ಅಂಗಡಿಯವರು “ಇನ್ನೂ ಕರೋನಾನಾ ಮಿಸ್?” ಎಂದು ನಗುತ್ತಿದ್ದರು.

ಟೀವಿಯಲ್ಲಿ ಕರೋನಾದ ಮತ್ತೊಂದು ತಳಿಯ ಸುದ್ದಿ ಶುರುವಾದಾಗ ನಾನು ಕೇಳಿದೆ, “ಹೊಸದಂತೆ, ಹೌದಾ ದೊಡ್ಡಮ್ಮ?”

“ಪರೀಕ್ಷೇಲಿ ಕಾಪಿ ಹೊಡೆಯೋರನ್ನ ನೋಡಿಲ್ವಾ? ಒಂದೊಂದು ಬೆಂಚು ಹಿಂದಕ್ಕೆ ಹೋದ ಹಾಗೂ ಒಂದೊಂದು ತಪ್ಪು ಸೇರುತ್ತೆ. ವೈರಸ್ಸೂ ಅಷ್ಟೇ. ಮೈಯಿಂದ ಮೈಗೆ ಹೋಗ್ತಾ ತನ್ನನ್ನೇ ಕಾಪಿ ಹೊಡ್ಕೊಳ್ಳುತ್ತೆ. ಯಾವುದೋ ಒಂದು ತಪ್ಪು ಅದಕ್ಕೇ ಲಾಭ ಆಗ್ಬಿಡುತ್ತೆ. ಆಮೇಲೆ ನಮ್ಮ ಮೈಗೆ ಅದರ ಮುಖ ಸರಿಯಾಗಿ ಗುರುತು ಸಿಗಲ್ಲ.”

“ಮತ್ತೆ ಏನು ಮಾಡೋದು?”

“ಜ್ವರ ಬಂದ್ರೆ ಟೆಸ್ಟ್ ಮಾಡಿಸೋದು. ಕೆಮ್ಮಿದ್ರೆ ಮನೇಲಿ ಬಿದ್ದಿರೋದು. ನನ್ನಂಥೋರ ಹತ್ರ ಬರದೇ ಇರೋದು. ರೋಗ ಬರೋದು ಹೇಸಿಗೆ ಅಲ್ಲ ಕಣೇ. ಮುಚ್ಚಿಟ್ಕೊಂಡು ಹಂಚೋದು ಹೇಸಿಗೆ.”

ಆ ಹೇಸಿಗೆ ಮನೆಯೊಳಗಿನಿಂದಲೇ ಬಂತು. ಅಮ್ಮ, ದೊಡ್ಡಮ್ಮ ಇಬ್ಬರಿಗೂ ಒಬ್ಬನೇ ತಮ್ಮ, ನಮ್ಮ ಮಾವ. ಟಿ. ನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟವರು. ಮಗಳ ನಿಶ್ಚಿತಾರ್ಥಕ್ಕೆ ಕರೆಯಲು ಕುಂಕುಮದ ಭರಣಿ ಹಿಡಿದು ಒಂದು ಮಧ್ಯಾಹ್ನ ಬಂದರು. ಹೊಸ್ತಿಲು ದಾಟುವಾಗಲೇ ಕೆಮ್ಮಿದರು. ದೊಡ್ಡಮ್ಮ ಗೂಟದ ಮೇಲಿದ್ದ ಮಾಸ್ಕಿಗೆ ಕೈಹಾಕಿದಳು.

“ಧೂಳ್ ಕಣಕ್ಕ, ರೋಡ್ ಕೆಲ್ಸ ನಡೀತದೆ” ಎಂದರು ಮಾವ. “ತಮ್ಮನ್ ಮುಂದೆ ಮೊಕ ಮುಚ್ಕತೀಯಾ? ನಾನೇನ್ ಒರಗಿನವ್ನಾ?”

ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ತಮ್ಮನ ಆ ಒಂದು ಮಾತಿಗೆ ಮೆತ್ತಗಾದಳು. ಮಾಸ್ಕ್ ಗೂಟಕ್ಕೇ ಹೋಯಿತು. ಇಬ್ಬರೂ ಪಕ್ಕಪಕ್ಕ ಕೂತು ಉಂಡರು.

ಎರಡು ಮೂರು ದಿನಕ್ಕೆ ದೊಡ್ಡಮ್ಮನಿಗೆ ಜ್ವರ ಬಂತು. ಟೆಸ್ಟ್ ಮಾಡಿಸಿದರೆ ಪಾಸಿಟಿವ್. ಪಕ್ಕದಲ್ಲಿ ಉಂಡವರಿಗೂ ತಿಳಿಸಬೇಕಲ್ಲ ಎಂದು ನಾನು ಮಾವನಿಗೆ ಫೋನ್ ಮಾಡಿದೆ. ಅವರು ನಕ್ಕರು. “ನಂದೂ ಅದೇಯ ಕಣವ್ವ. ಅಲ್ಲಿಗ್ ಬರಕ್ ಮುಂಚೇನೇ ಟೆಸ್ಟ್‌ನಾಗೆ ಬಂದಿತ್ತು. ಈಗಿಂದು ಬರೀ ನೆಗಡಿ. ಎಲ್ಲರ್ಗೂ ಏಳ್ಕಂಡ್ ತಿರುಗುದ್ರೆ ಗಂಡಿನ್ ಕಡೆಯೋರು ಮುಂದಕ್ ಆಕ್ತಾರೆ, ಸುಮ್ನಿರು.”

ಫೋನ್ ಇಟ್ಟ ಮೇಲೆ ಕೈ ತೊಳೆದುಕೊಂಡೆ. ಮತ್ತೆ ತೊಳೆದುಕೊಂಡೆ. ಅವರ ಆ ನಗು ಕೈಗೆ ಅಂಟಿಕೊಂಡ ಹಾಗಿತ್ತು.

ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು ಮೊದಲು ಮೈಸೂರಿನ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿದಳು. ಬೀದಿಯವರು ಕಷಾಯ ಹೇಳಿದರು, ಇನ್ಯಾರೋ ಮೆಡಿಕಲ್ ಸ್ಟೋರಿನಿಂದ ಮೈಕೈನೋವಿನ ಮಾತ್ರೆ ತಂದರು. “ಡಾಕ್ಟರನ್ನ ಕೇಳದೆ ಒಂದು ಮಾತ್ರೆಯೂ ನುಂಗಲ್ಲ. ಈ ಕಿಡ್ನಿ ನನ್ನ ತಂಗಿ ಕೊಟ್ಟಿದ್ದು” ಎಂದು ಎಲ್ಲ ವಾಪಸ್ ಕಳಿಸಿದಳು. ತಕ್ಷಣ ಬಂದು ಅಡ್ಮಿಟ್ ಆಗಿ ಎಂದರು ಡಾಕ್ಟರು. ಕಾರು ಬರುವಷ್ಟರಲ್ಲಿ ತಮ್ಮನಿಗೆ ಫೋನ್ ಹಚ್ಚಿದಳು.

“ಗಂಡಿನ ಮನೇಲಿ ವಯಸ್ಸಾದ ಅಜ್ಜಿ ಇದ್ದಾರೆ. ಛತ್ರ ತುಂಬ ಜನ ಸೇರಿಸ್ಬೇಡ. ಮುಂದೂಡು.”

“ಮಂಗಳ ಕಾರ್ಯಕ್ಕೆ ಕಲ್ಲಾಕ್ಬೇಡ ಅಕ್ಕ” ಎಂದು ಮಾವ ಫೋನ್ ಕುಕ್ಕಿದರು.

ದೊಡ್ಡಮ್ಮ ಏದುಸಿರು ಬಿಡುತ್ತಲೇ ಗಂಡಿನ ಅಜ್ಜಿಗೇ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿಶ್ಚಿತಾರ್ಥ ಮುಂದಕ್ಕೆ ಹೋಯಿತು.

ಅವಳು ಆಸ್ಪತ್ರೆಯಲ್ಲಿರುವಾಗ ನೆಂಟರ ಫೋನುಗಳು ಬಂದವು, ಒಂದೂ ಅವಳ ಆರೋಗ್ಯ ಕೇಳಲಲ್ಲ. ಮಕ್ಕಳಿಲ್ಲದವಳಿಗೆ ತಮ್ಮನ ಮಗಳ ಮೇಲೆ ಹೊಟ್ಟೆಕಿಚ್ಚು ಎಂದರು. ಆ ಮಾತುಗಳನ್ನೆಲ್ಲ ಅಮ್ಮ ನಿಂತೇ ಕೇಳಿಸಿಕೊಂಡಳು. ಒಂದಕ್ಕೂ ಎದುರಾಡಲಿಲ್ಲ. ಅಮ್ಮನ ಸ್ವಭಾವವೇ ಅಂಥದು.

ದೊಡ್ಡಮ್ಮನ ಉಸಿರು ಸುಧಾರಿಸಿತು. ಕಿಡ್ನಿ ಸುಧಾರಿಸಲಿಲ್ಲ. ಸೋಂಕಿನ ಹೊಡೆತಕ್ಕೆ ಸಿಕ್ಕಿದ್ದು ಮತ್ತೆ ಏಳಲೇ ಇಲ್ಲ ಎಂದರು ಡಾಕ್ಟರು. ಡಯಾಲಿಸಿಸ್‌ಗೆಂದು ಮೈಸೂರಿಗೆ ಓಡಾಟ ಶುರುವಾಯಿತು. ಒಮ್ಮೆ ವಾಪಸ್ ಬರುವಾಗ ಅಮ್ಮನ ಹೆಗಲಿಗೆ ತಲೆಯಾನಿಸಿ, “ನೀನು ಕೊಟ್ಟಿದ್ದನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ ಕಣೇ” ಎಂದಳು. ಅಮ್ಮ ಕಿಟಕಿಯ ಕಡೆ ತಿರುಗಿದಳು. ಮುಂದೂಡಿದ ನಿಶ್ಚಿತಾರ್ಥ ಅಷ್ಟರಲ್ಲಿ ಜೋರಾಗಿಯೇ ನಡೆದಿತ್ತು. ನಮ್ಮನ್ನು ಕರೆದಿರಲಿಲ್ಲ. ಯುಗಾದಿಗೆ ಮುಂಚೆ ದೊಡ್ಡಮ್ಮ ತೀರಿಕೊಂಡಳು.

ಅವಳಿಂದ ನನಗೆ ಬಂದ ಆಸ್ತಿಯೆಂದರೆ ಈ ಅಸಹ್ಯ. ಸಣ್ಣವಳಿದ್ದಾಗ ಅದು ಅವಳ ಸಿಡುಕು ಎಂದುಕೊಂಡಿದ್ದೆ. ಬೇರೆಯವರ ಜೀವವನ್ನೂ ಜೀವವೆಂದು ಎಣಿಸುವವರಿಗೆ ಮಾತ್ರ ಅದು ಬರುತ್ತದೆ ಎಂದು ಈಗ ಗೊತ್ತು.

ದೊಡ್ಡಮ್ಮನ ಶಿವಗಣಾರಾಧನೆಯ ಊಟಕ್ಕೆ ಮಾವ ಬಂದರು. ಪಂಕ್ತಿಯಲ್ಲಿ ಕೂತು ಪಕ್ಕದವರಿಗೆ ಹೇಳುತ್ತಿದ್ದರು: “ಅಕ್ಕನ್ ಕಿಡ್ನಿ ಮೊದ್ಲಿಂದ್ಲೂ ಕೆಟ್ಟಿತ್ತು ಬುಡಿ. ಏನ್ ಮಾಡಾದು, ಅಣೇಬರ.”

ಅಮ್ಮ ಪಾಯಸ ಬಡಿಸುತ್ತಾ ಅವರ ಎಲೆಯ ಮುಂದೆ ಬಂದವಳು ನಿಂತಳು.

“ಅದು ನನ್ನ ಕಿಡ್ನಿ ಕಣೋ. ಕೆಟ್ಟಿರ್ಲಿಲ್ಲ.”

ಅಮ್ಮ ಅವರ ಎಲೆ ಬಿಟ್ಟು ಮುಂದಿನ ಎಲೆಗೆ ಬಡಿಸಿದಳು. ಮಾವ ಕತ್ತು ಹೊರಳಿಸಿ, ಅನ್ನ ತರುತ್ತಿದ್ದವರನ್ನು ಕೂಗಿದರು.

“ಇಲ್ಲಿಗ್ ಪಾಯ್ಸ ಬಂದಿಲ್ಲ ಕಣ್ರಪ್ಪ.”