ಒಂಬತ್ತು ಮನಿ ಚಾ

ದಿನಾ ಶಹಾಪುರದಿಂದ ಬಸ್ಸಿನ್ಯಾಗ ನಿಂತು ಸುರಪುರಕ್ಕ ಬಂದು, ಒಂದು ಸಣ್ಣ ದವಾಖಾನ್ಯಾಗ ಸಕ್ರಿ ಬ್ಯಾನಿಯವರಿಗಿ ಏನು ಉಣ್ಣಬೇಕು, ಏನು ಬಿಡಬೇಕು ಅಂತ ಹೇಳೋದು ನನ್ನ ಕೆಲಸ. ಹೇಳಿ ಹೇಳಿ ಬಾಯಿ ಒಣಗ್ಯಾದ. ಎಲ್ಲಾರೂ "ಹೂಂರಿ" ಅಂತಾರ, ಮುಂದಿನ ತಿಂಗಳು ಸಕ್ರಿ ಏರಿಸ್ಕೊಂಡು ಬರ್ತಾರ. ಸುಳ್ಳು ಯಾಕ ಹೇಳ್ಲಿ, ನನಗೂ ಸಾಕಾಗ್ಯಾದ.

ಹೋದ ವರ್ಷ ಒಬ್ಬಾಕಿ ಬಳಿಗಾರ್ತಿ ಬರ್ತಿದ್ಳು. ವಯಸ್ಸಾದ ಮುಸ್ಲಿಂ ಹೆಣ್ಮಗಳು, ನಾನು ಖಾಲಾ, ಅಂದ್ರ ಚಿಕ್ಕಮ್ಮ, ಅಂತಿದ್ದೆ. ಬಳಿ ಬುಟ್ಟಿ ಹೊತ್ತು ಓಣಿ ಓಣಿ ತಿರುಗೋ ಕಾಲಿನ ಹೆಬ್ಬೆರಳಿಗಿ ಗಾಯ ಆಗಿ ಮಾಯ್ತಿರಲಿಲ್ಲ. ಸಕ್ರಿ ಇಳೀಲಿಲ್ಲಂದ್ರ ಬೆರಳು ತೆಗೀಬೇಕಾಗ್ತದ ಅಂದಿದ್ರು ಡಾಕ್ಟರು. ಮೂರು ತಿಂಗಳು ನಾನು ಕೇಳಿದ್ದೇ ಕೇಳಿದೆ, ಆಕಿ ಹೇಳಿದ್ದೇ ಹೇಳಿದ್ಳು.

"ಚಾ?"

"ಬಿಟ್ಟೀನ್ರಿ ಮೇಡಂ."

"ಸಿಹಿ?"

"ಅಲ್ಲಾನ ಆಣಿ, ಮನ್ಯಾಗ ಸಕ್ರಿ ಡಬ್ಬೀನೇ ಇಲ್ರಿ."

ಮೂರನೇ ಸಲ ರಿಪೋರ್ಟಿನ್ಯಾಗ ಸಕ್ರಿ ಮತ್ತ ಏರಿದ್ದು ನೋಡಿ ಸಿಟ್ಟು ನೆತ್ತಿಗೇರಿತು. ಸಾಲಿನ್ಯಾಗ ನಿಂತವರಿಗೆಲ್ಲ ಕೇಳೋಹಂಗ, "ನನ್ನ ಕಣ್ಣಿಗಿ ಮಣ್ಣು ಹಾಕ್ತೀರೇನು? ಬೆರಳು ಹೋಗೋದು ನಿಮ್ದು, ನಂದಲ್ಲ!" ಅಂದುಬಿಟ್ಟೆ. ಖಾಲಾ ಸೆರಗು ಬಾಯಿಗಿ ಒತ್ತಿ ತಲಿ ಬಗ್ಗಿಸಿದ್ಳು. ಥೂ, ಎಂಥಾ ಮಾತಾಡಿದೆ ಅನಿಸ್ತು, ಆದ್ರ ತಪ್ಪಾತು ಅನ್ನಾಕ ಬಾಯಿ ಬರಲಿಲ್ಲ. ಕ್ಯಾಂಟೀನಿನಾಕಿ ನನ್ನ ಚಾ ತಂದಿಟ್ಟು ಹೋಗಿದ್ಳು. ಅದನ್ನೇ ಆಕಿ ಮುಂದ ಸರಿಸಿದೆ. ನಮ್ಮ ಕಡಿ ಮಂದಿ ಮನಸು ನೋಯಿಸಿದ್ರ ಮದ್ಲು ಚಾ ಕೊಡ್ತಾರ.

ಖಾಲಾ ಗಟಗಟ ಕುಡಿದು ಕಪ್ಪು ಇಟ್ಳು.

"ಚಾ ಬಿಟ್ಟೀನಿ ಅಂದ್ರಲ್ಲ ಖಾಲಾ?"

"ಇದು ನಂದೆಲ್ಲಿ ಆಯ್ತ್ರಿ? ನೀವು ಕೊಟ್ರಲ್ಲ!"

ನಾನು ಪೆನ್ನು ಕೆಳಗಿಟ್ಟೆ. ಬೈಯಾಕೂ ತ್ರಾಣ ಇರಲಿಲ್ಲ. ಆವಾಗ ಆಕಿ ತಾನಾಗೇ ಬಾಯಿ ಬಿಟ್ಳು. ಬಳಿ ಇಟ್ಟ ಮನ್ಯಾಗ ಬಳಿಗಾರ್ತಿನ್ನ ಬರೀ ಬಾಯಿಲೆ ಕಳಸಂಗಿಲ್ಲಂತ. ಚಾ ಒಲ್ಲೆ ಅಂದ್ರ ಬಳಿ ಇಡಿಸ್ಕೊಂಡ ಹೆಣ್ಮಗಳ ಮಾರಿ ಸಣ್ಣದಾಗ್ತದಂತ. ಬಸುರಿ ಇದ್ರ ಮ್ಯಾಲೊಂದು ಉಂಡಿ ಬ್ಯಾರೆ. ನಿನ್ನೆ ಎಷ್ಟು ಮನಿಗಿ ಹೋಗಿದ್ರಿ ಅಂತ ಕೇಳಿದೆ. ಬೆರಳು ಮಡಚಿ ನೆನಸ್ಕೊಂಡು, "ಒಂಬತ್ತು" ಅಂದ್ಳು. ನಾನು ತುಂಬೋ ಕಾಗದದಾಗ ಮನಿ ಊಟ ಬರಿಯಾಕ ಅಷ್ಟೇ ಜಾಗ ಇತ್ತು. ಮಂದಿ ಮನಿದು ನಾನು ಕೇಳೇ ಇರಲಿಲ್ಲ.

"ಹಂಗಾದ್ರ ಏನು ಮಾಡೋಣ, ನೀವೇ ಹೇಳ್ರಿ." ಮೂರು ತಿಂಗಳಾಗ ಮದ್ಲನೇ ಸಲ ಹಿಂಗ ಕೇಳಿದ್ದೆ.

"ಮಜ್ಗಿ ಕೊಡ್ರಿ ಅಂತೀನ್ರಿ," ಅಂದ್ಳು, ತಡಾನೇ ಇಲ್ಲ. "ಮಜ್ಗಿ ಕುಡದ್ರೂ ಬಾಯಿ ಬರಿದಲ್ಲಲ್ಲ."

ಸಕ್ರಿ ಇಳೀತು. ಆದ್ರ ಬೆರಳು ಅಷ್ಟೊತ್ತಿಗಿ ಕರ್ರಗಾಗಿತ್ತು, ತೆಗದ್ರು. ಪಾದ ಉಳೀತು.

ಮೊನ್ನಿ ಕುಂಟ್ಕೋತ ಬಂದು ನನ್ನ ಕೈಗಿ ಹಸರು ಬಳಿ ಇಟ್ಳು. "ಏನು ಕುಡೀತೀರಿ ಖಾಲಾ?" ಅಂದೆ.

"ಮಜ್ಗಿ," ಅಂದು ನಕ್ಕಳು. ಆಮ್ಯಾಲ ಬುಟ್ಟಿ ಕಟ್ಟಿಕೋತ, "ಮದ್ಲೇ ಹಿಂಗ ಕೇಳಿದ್ರ ಬೆರಳೂ ಉಳಿತಿತ್ತೇನೋ ಮೇಡಂ," ಅಂದ್ಳು.

ಸಿಟ್ಟಿಲೆ ಅನ್ನಲಿಲ್ಲ ಆಕಿ. ಮುಂದಿನವರನ್ನ ಕರದು, ಕಾಗದ ತಗಿಯೋ ಮದ್ಲು, "ಏನು ಮಾಡೋಣ, ನೀವೇ ಹೇಳ್ರಿ" ಅಂದೆ.