ಮಾಮನ ಕಫ ಪರೀಕ್ಷೆಗೆ ಸಂಬಂಧಿಸಿದಂತೆ

ಅವರ ಎಡ ಮುಂಗೈಯ ಚರ್ಮದೊಳಗೆ ಐದಾರು ಕಲ್ಲಿನ ಚೂರುಗಳಿದ್ದವು. ಎಳ್ಳಿನ ಗಾತ್ರದವು, ನೀಲಿಗಪ್ಪು ಬಣ್ಣದವು. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದಾಗ ಹೊಕ್ಕಿದ್ದವು. "ಮೈಯೇ ಅದ್ರ ಸುತ್ತ ಗೋಡೆ ಕಟ್ಕಂಡೈತೆ ನೋಡಮ್ಮಯ್ಯ. ಬಾಡ್ಗೆ ಇಲ್ದಂಗೆ ಮಲ್ಗವೆ," ಎಂದು ನಗುತ್ತಿದ್ದರು.

ಸದರಿಯವರು ಉರಿಗಾಂನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿ ನಮ್ಮ ನೆರೆಯವರು. ಮೂಲತಃ ಬಂಗಾರಪೇಟೆ ಕಡೆಯ ಹಳ್ಳಿಯವರು. ನಾನು ಮಾಮ ಎನ್ನುತ್ತಿದ್ದೆ. ನಾನು ಅಲ್ಲಿಯ ಆಶಾ ಕಾರ್ಯಕರ್ತೆ. ವರದಿಗಳನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಗಣಿ ಮುಚ್ಚಿ ಎಷ್ಟೋ ವರ್ಷಗಳಾಗಿದ್ದರೂ ಮಾಮ ಶಿಫ್ಟಿನ ಹೊತ್ತಿಗೇ ಏಳುತ್ತಿದ್ದರು. ಧೂಳು ಇಳಿಯುತ್ತದೆಂದು ಊಟದ ನಂತರ ಬೆಲ್ಲ ತಿನ್ನುತ್ತಿದ್ದರು. ಮಾತಿನ ನಡುವೆ ಕೆಮ್ಮು ಬಂದರೆ ಬಾಗಿಲ ಚೌಕಟ್ಟು ಹಿಡಿದು ಕೆಮ್ಮಿ ಮುಗಿಸಿ, ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ನಮ್ಮ ಸಾಲಿನಲ್ಲಿ ಕೆಮ್ಮನ್ನು ಯಾರೂ ಕಾಯಿಲೆಯೆಂದು ಪರಿಗಣಿಸುವುದಿಲ್ಲ.

ಕಳೆದ ವರ್ಷ ಅವರು ಬಹಳ ಸೊರಗಿದರು. ಸಂಜೆಯಾದರೆ ಜ್ವರ. ಕಫ ಹಿಡಿಯುವ ಡಬ್ಬಿ ತೋರಿಸಿ, ಕ್ಷಯದ ಪರೀಕ್ಷೆ ಮಾಡಿಸೋಣವೆಂದು ಕೋರಿದೆ.

"ನಂಗ್ಯಾತುರ್ದು ಟಿಬಿ? ಕರೋನಾನೇ ನನ್ ತಾವ ಬರಾಕೆ ಎದ್ರಿಕಂಡ್ತು. ಓಗಮ್ಮ, ಬ್ಯಾರೆ ಮನೆ ನೋಡ್ಕೋ."

ತರಬೇತಿಯಲ್ಲಿ ಕಲಿತದ್ದನ್ನು ವಿವರಿಸಿದೆ. ಉಸಿರಿನೊಂದಿಗೆ ಒಳಬಂದ ರೋಗಾಣುವನ್ನು ಎದೆಯ ಕಾವಲು ಕಣಗಳು ನುಂಗಿ ಕೊಲ್ಲುತ್ತವೆ. ಕೊಲ್ಲಲಾಗದಿದ್ದಲ್ಲಿ ಸುತ್ತುವರಿದು ಕೂಡಿಹಾಕಿ, ವರ್ಷಗಟ್ಟಲೆ ಕಾಯುತ್ತವೆ. ಕಲ್ಲಿನ ಧೂಳನ್ನೂ ಅವು ಹಾಗೆಯೇ ನುಂಗುತ್ತವೆ. ಆದರೆ ಕಲ್ಲು ಕರಗದು, ನುಂಗಿದ ಕಣವೇ ಸಾಯುತ್ತದೆ. ಕಾವಲು ಕಡಿಮೆಯಾದ ಎದೆಯಲ್ಲಿ, ಕೂಡಿಹಾಕಿದ್ದ ಕ್ಷಯ ಎದ್ದು ಹೊರಬರುತ್ತದೆ.

ಮಾಮ ಮುಂಗೈಯ ಕಲ್ಲಿನ ಚೂರುಗಳನ್ನು ಸವರಿಕೊಂಡರು. "ಅಂಗಾದ್ರೆ ಅವೂ ನಮ್ಮಂಗೇ ಅನ್ನು. ಒಳೀಕೆ ಇಳ್ದು ಧೂಳ್ ಕುಡ್ದು ಸತ್ತೋರು. ಕೊಡು ಡಬ್ಬಿ," ಎಂದರು.

ಮರುದಿನ ಬೆಳಿಗ್ಗೆ ಡಬ್ಬಿ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ನೀರಿನಂತಹ ಎಂಜಲು, ಮೇಲೆ ನೊರೆ. ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಅದಾಗಿರಲಿಲ್ಲ. ಬರೀ ಎಂಜಲಿನಲ್ಲಿ ರೋಗಾಣು ಸಿಗುವುದು ಕಷ್ಟವೆಂಬುದು ನನಗೆ ಗೊತ್ತಿತ್ತು.

"ಮಾಮ, ಇದು..."

"ಯಾಕೆ, ಸಾಲ್ದಾ? ಕೆಮ್ಮಿ ಕೆಮ್ಮಿ ಪಕ್ಕೆ ಮುರ್ದೋಗೈತೆ. ಇನ್ನೊಂದ್ಸಲ ಅಂದ್ರೆ ನನ್ ಕೈಲಾಗಕಿಲ್ಲ, ಏಳ್ಬುಟ್ಟಿವ್ನಿ."

ಪಕ್ಕೆಯನ್ನು ಒತ್ತಿ ಹಿಡಿದು ಬಾಗಿಯೇ ನಿಂತಿದ್ದರು. ಅವರನ್ನು ಮತ್ತೊಮ್ಮೆ ಕೆಮ್ಮಿಸಲು ನನಗೆ ಮನಸ್ಸು ಬರಲಿಲ್ಲ. ಅದೇ ಡಬ್ಬಿಯ ಮೇಲೆ ಅವರ ಹೆಸರು ಬರೆದು ಕಳುಹಿಸಿದೆ.

ರೋಗಾಣು ಕಂಡುಬಂದಿಲ್ಲವೆಂದು ವರದಿ ಬಂತು. ಮಾಮ ಅದನ್ನು ಸಾಲಿನವರಿಗೆಲ್ಲ ತೋರಿಸಿದರು. "ನೋಡ್ರಲೇ, ನಂಗೇನೂ ಇಲ್ಲ ಅಂತ ಗೋರ್ಮೆಂಟೇ ಬರ್ಕೊಟ್ಟೈತೆ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಐದು ತಿಂಗಳ ನಂತರ ಅವರು ರಕ್ತ ಕಾರಿದರು. ಆಸ್ಪತ್ರೆಗೆ ಸೇರಿಸುವ ವೇಳೆಗೆ ಕ್ಷಯ ಎರಡೂ ಶ್ವಾಸಕೋಶಗಳನ್ನು ವ್ಯಾಪಿಸಿತ್ತು. ಔಷಧ ಆರಂಭಿಸಲಾಯಿತು. ಔಷಧದೊಂದಿಗೆ ಕೈಜೋಡಿಸಲು ಆ ದೇಹದಲ್ಲಿ ಏನೂ ಉಳಿದಿರಲಿಲ್ಲ. ಹನ್ನೊಂದನೆಯ ದಿನ ಮಾಮ ತೀರಿಕೊಂಡರು.

ಹೆಣವನ್ನು ಮನೆಗೆ ತಂದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ನೆರೆದವರಿಗೆ ಹೇಳಿದರು: "ಈಯಮ್ಮ ಬಿಡ್ಲಿಲ್ಲ ಕಣ್ರಪ್ಪ. ಬೈದ್ರೂ ಬಂದು ಪರೀಕ್ಷೆ ಮಾಡ್ಸಿದ್ಲು. ಅವಾಗ ಇರ್ಲಿಲ್ಲ, ಆಮ್ಯಾಕೆ ಬಂತು. ಇವ್ಳ್ ತಾನೇ ಏನ್ ಮಾಡ್ತಾಳೆ?"

ನಿಜ ಹೇಳಬೇಕೆಂದು ಬಾಯಿ ತೆರೆದೆ. ದುಃಖಕ್ಕೆ ಮಾತು ಹೊರಡುತ್ತಿಲ್ಲವೆಂದು ಭಾವಿಸಿ ಯಾರೋ ಒಂದು ಲೋಟ ನೀರು ತಂದುಕೊಟ್ಟರು.

ಕುಡಿದೆ.