ಸುಟ್ಟ ಮುಖದವನಿಗೆ ಜೋಗುಳ

ಆ ಚಿತ್ರಮಂದಿರದಲ್ಲಿ ಪಿಯಾನೋ ನುಡಿಸುವವಳನ್ನು ಬಾಗಿಲಲ್ಲಿ ಟಿಕೆಟ್ ಹರಿಯುವವನಿಂದ ಹಿಡಿದು ಮುಂದಿನ ಸಾಲಿನ ಪುಂಡರವರೆಗೆ ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಮಾಲೀಕ ಅವಳ ಅಕ್ಕನ ಗಂಡ. ಭಾನುವಾರ ಮಧ್ಯಾಹ್ನ ಅಲ್ಲಿ ಹಳೆಯ ಮೂಕಿ ಚಿತ್ರಗಳು. ಪರದೆಯ ಬುಡದಲ್ಲಿ ಚಿಕ್ಕಮ್ಮ ಕತ್ತೆತ್ತಿ ಕೂತರೆ ಕೈಗಳು ತಮ್ಮ ಪಾಡಿಗೆ ತಾವು ಓಡಾಡುತ್ತಿದ್ದವು. ಪರದೆಯ ಮೇಲಿನವರು ಓಡಿದರೆ ಬೆರಳೂ ಓಡುತ್ತಿತ್ತು, ಅವರು ಅತ್ತರೆ ಬೆರಳೂ ಒದ್ದೆಯಾಗುತ್ತಿತ್ತು. ವಾರವಿಡೀ ಮಕ್ಕಳಿಗೆ ಪಿಯಾನೋ ಪಾಠ ಹೇಳಿ ಬೇಸತ್ತ ಆ ಕೈಗಳಿಗೆ ಇದೊಂದೇ ಸುಖ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಒಬ್ಬ ಬಂದಿದ್ದ. ಪಿಯಾನೋ ಮಾರಿ ಮಂಚ ತಗೊಳ್ಳೋಣ ಅಂದ. ಅವನ ಛತ್ರಿ ತಂದುಕೊಟ್ಟೆ" ಎನ್ನುತ್ತಿದ್ದಳು.

ಜನ ಮುಗಿಬಿದ್ದು ನೋಡುತ್ತಿದ್ದುದು ಗಡಿಯಾರ ರಿಪೇರಿಯವನ ಚಿತ್ರ. ಅರ್ಧ ಮುಖ ಸುಟ್ಟ ಆ ಮನುಷ್ಯನಿಗೆ ನರ್ತಕಿಯೊಬ್ಬಳ ಮೇಲೆ ಹುಚ್ಚು ಮೋಹ. ಅವಳನ್ನು ಹೊತ್ತೊಯ್ದು ಗಡಿಯಾರದ ಗೋಪುರದಲ್ಲಿ ಕೂಡಿಹಾಕಿ, ಮುಸುಕು ತೆಗೆಯುತ್ತಾನೆ. ಜನ ಚೀರಬೇಕಾದ್ದು ಅಲ್ಲಿ. ಕೊನೆಗೆ ಮೀಸೆಯ ನಾಯಕ ಬಂದು ಅವಳನ್ನು ಬಿಡಿಸಿ ಮದುವೆಯಾಗುತ್ತಾನೆ.

ಆದರೆ ಆ ಸುಟ್ಟ ಮುಖ ಕಂಡರೆ ಚಿಕ್ಕಮ್ಮನ ಕರುಳು ಚುರುಕ್ಕೆನ್ನುತ್ತಿತ್ತು. ಮುಸುಕು ಸರಿದ ಕೂಡಲೇ ಬೆರಳು ಜೋಗುಳಕ್ಕೆ ಇಳಿದುಬಿಡುತ್ತಿತ್ತು. ಚೀರಬೇಕಾದ ಜನ ಮೂಗು ಒರೆಸಿಕೊಳ್ಳುತ್ತಿದ್ದರು.

"ಹೊರಗೆ 'ಎದೆ ಗಟ್ಟಿ ಇದ್ದವರು ಮಾತ್ರ ಬನ್ನಿ' ಅಂತ ಬೋರ್ಡ್ ಹಾಕಿದೀನಿ," ಎಂದ ಭಾವ. "ಒಳಗೆ ನೀನು ಮಗು ಮಲಗಿಸ್ತಿದೀಯ."

"ಪಾಪ ಭಾವ, ಮುಖ ಸುಟ್ಟಿರೋದು ಅವನ ತಪ್ಪಾ?"

"ಅಲ್ಲ, ನಾದಿನಿ ಅಂತ ನಿನ್ನ ಕೂರಿಸಿದ್ದು ನನ್ನ ತಪ್ಪು. ಈ ಭಾನುವಾರ ಜನ ಒಂದ್ಸಲನಾದ್ರೂ ಚೀರ್ಬೇಕು. ಇಲ್ದಿದ್ರೆ ಮುಂದಿನ ವಾರದಿಂದ ರೆಕಾರ್ಡ್ ಹಾಕ್ತೀನಿ. ಅದು ಯಾರನ್ನೂ ಪಾಪ ಅನ್ನಲ್ಲ."

ಟಿಕೆಟ್ ಕಿಂಡಿಯಿಂದ ಅಕ್ಕ ಇಣುಕಿದಳು. "ಎದುರು ಮಾತೂ ಆಡಲ್ಲ. ಅದಕ್ಕೇ ಇವರಿಗೆ ಅದರ ಮೇಲೆ ಕಣ್ಣು ಕಣೇ."

ಆ ವಾರ ಪಾಠ ಮುಗಿದ ಮೇಲೂ ಚಿಕ್ಕಮ್ಮ ಮನೆಯ ಪಿಯಾನೋ ಬಿಟ್ಟು ಏಳಲಿಲ್ಲ. ಎಡಗಡೆಯ ದಪ್ಪ ಸ್ವರಗಳನ್ನು ಗುದ್ದಿ ಗುದ್ದಿ ಅಭ್ಯಾಸ ಮಾಡಿದಳು. ಪಕ್ಕದ ಮನೆಯವರು ಗೋಡೆ ಬಡಿದರು. ಬಂದದ್ದು ಗದ್ದಲ, ಭಯವಲ್ಲ. ಶನಿವಾರ ಬೆಳಿಗ್ಗೆ ಪ್ರೊಜೆಕ್ಟರ್‌ನವನನ್ನು ಗೋಗರೆದು ಚಿತ್ರ ಹಾಕಿಸಿ, ಪಿಯಾನೋ ಮುಟ್ಟದೆ, ಜೀವನದಲ್ಲಿ ಮೊದಲ ಸಲ ನಡುವಿನ ಸಾಲಿನಲ್ಲಿ ಕೂತು ನೋಡಿದಳು.

ಬುಡದಲ್ಲಿ ಕೂತಾಗ ಅವಳಿಗೆ ಕಾಣುತ್ತಿದ್ದುದು ಬರೀ ಮುಖಗಳು. ಇಲ್ಲಿಂದ ಕೈಗಳೂ ಕಂಡವು. ಗಡಿಯಾರದವನು ಗೋಪುರಕ್ಕೆ ಬೀಗ ಹಾಕಿ ಕೀಲಿಕೈಯನ್ನು ಜೇಬಿಗೆ ಬಿಡುತ್ತಾನೆ. ಅದಕ್ಕೂ ಮೊದಲೇ ನಾಯಕನೂ ಅದನ್ನೇ ಮಾಡಿದ್ದ. ಊರಲ್ಲಿ ರಾಕ್ಷಸನಿದ್ದಾನೆಂದು ನರ್ತಕಿ ಹುಡುಗಿಯ ಕೋಣೆಗೆ ಹೊರಗಿನಿಂದ ಬೀಗ ಜಡಿದು, ಮೀಸೆ ತಿರುವಿ, ಕೀಲಿಕೈ ಜೇಬಿಗಿಳಿಸಿ ಹೊರಟಿದ್ದ. ಒಳಗಿನಿಂದ ಹುಡುಗಿ ಬಾಗಿಲು ಬಡಿಯುತ್ತಿದ್ದಳು. ಅಲ್ಲಿ ಚಿಕ್ಕಮ್ಮ ಇಷ್ಟು ವರ್ಷ ನುಡಿಸಿದ್ದು ಕುಣಿತದ ಧಾಟಿ. ಇಬ್ಬರಲ್ಲಿ ಒಬ್ಬನಾದರೂ ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ.

"ನಿನ್ನ ಮುಖ ನೋಡಿ ಮೋಸ ಹೋದೆನಲ್ಲೋ," ಎಂದಳು ಪರದೆಗೆ. ಅದು ಸುಟ್ಟ ಮುಖದವನಿಗೋ ಮೀಸೆಯವನಿಗೋ, ಪ್ರೊಜೆಕ್ಟರ್‌ನವನಿಗೆ ತಿಳಿಯಲಿಲ್ಲ.

ಭಾನುವಾರ ಕಾಲಿಡಲು ಜಾಗವಿರಲಿಲ್ಲ. ಭಾವ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದ. ಪರದೆಯ ಮೇಲೆ ನಾಯಕ ಬಾಗಿಲ ಬಳಿ ಬಂದ. ಚಿಕ್ಕಮ್ಮ ಕುಣಿತ ನಿಲ್ಲಿಸಿದಳು. ಅವನ ಕೈ ಬೀಗಕ್ಕೆ ಹೋಯಿತು. ತೀರಾ ಕೆಳಗಿನ ಒಂದೇ ಸ್ವರ, ಮೆಲ್ಲಗೆ, ಮತ್ತೆ ಮತ್ತೆ, ಬೆನ್ನ ಹಿಂದೆ ಯಾರೋ ಉಸಿರಾಡಿದಂತೆ. ಕೀಲಿಕೈ ತಿರುಗಿತು. ನಾಯಕ ಮುಗುಳ್ನಕ್ಕ. ಅವಳು ಎರಡೂ ಕೈ ಅಗಲಿಸಿ ಪಿಯಾನೋ ಮೇಲೆ ಎರಗಿದಳು.

ಹಾಲ್ ಒಂದೇ ಗಂಟಲಾಗಿ ಚೀರಿತು. ಮುಂದೆ ಗೋಪುರದ ಬೀಗಕ್ಕೂ ಅವಳು ಅದೇ ಸ್ವರ ನುಡಿಸಿದಳು. ಅವತ್ತು ಯಾರಿಗೂ ಜೋಗುಳ ಸಿಗಲಿಲ್ಲ.

ಆಟ ಮುಗಿದದ್ದೇ ಭಾವ ದಡದಡನೆ ಬಂದ. "ಹೀರೋನ ನೋಡಿ ಯಾರಾದ್ರೂ ಚೀರ್ತಾರಾ?"

"ಯಾರನ್ನ ನೋಡಿ ಚೀರ್ಬೇಕು ಅಂತ ನೀವು ಹೇಳಿರಲಿಲ್ಲ ಭಾವ."

ಅಷ್ಟರಲ್ಲಿ ಹೆಂಗಸೊಬ್ಬಳು ಸಾಲು ದಾಟಿ ಪಿಯಾನೋ ಹತ್ತಿರ ಬಂದಳು. ಅವಳ ಮುಖ ಇನ್ನೂ ಬಿಳಿಚಿಕೊಂಡಿತ್ತು. "ಚಿಕ್ಕಮ್ಮ, ಆ ಹುಡುಗಿ ಕೊನೆಗೆ ಮೀಸೆಯವನನ್ನೇ ಕಟ್ಕೊಂಡ್ಲಲ್ಲ. ಆಮೇಲೇನಾಯ್ತು?"

"ಗೊತ್ತಿಲ್ಲ ಕಣಮ್ಮ. ರೀಲು ಇರೋದೇ ಅಷ್ಟು."

"ಮುಂದಿನ ವಾರಾನೂ ಇದೇ ಹಾಕ್ತೀರಾ? ನನ್ನ ತಂಗೀನ ಕರ್ಕೊಂಡು ಬರ್ತೀನಿ. ಅವಳಿಗೆ ಗಂಡು ನೋಡ್ತಿದೀವಿ."

ಚಿಕ್ಕಮ್ಮ ಭಾವನ ಮುಖ ನೋಡಿದಳು. ಭಾವ ಹೊರಗೆ ಮುಂದಿನ ವಾರದ ಟಿಕೆಟ್‌ಗೆ ಕಿಂಡಿಯ ಬಳಿ ಆಗಲೇ ಸೇರುತ್ತಿದ್ದ ಜನರನ್ನು ನೋಡಿ, ಕೆಮ್ಮಿ, "ಹಾಕ್ತೀವಮ್ಮ," ಎಂದ. "ಇದೇ ಚಿತ್ರ, ಇದೇ ಪಿಯಾನೋ."

ಚಿಕ್ಕಮ್ಮ ಮುಚ್ಚಳ ಹಾಕಿ, ನೋಯುತ್ತಿದ್ದ ಕೈಗಳನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡಳು.